ದೇವಾಲಯ ಸಂಗೀತದ ಮಹಾಗುರು ಪಾಲೆಸ್ತ್ರೀನಾ

ಪವಿತ್ರ ಗುರುವಾರದ ಸಂಜೆಯ ಬಲಿಪೂಜೆಯಲ್ಲಿ ಮಹಿಮಾಗೀತೆ ಮುಗಿಯುತ್ತಿದ್ದಂತೆಯೇ ದೇವಾಲಯದ ಗಂಟೆಗಳು ಮೌನ ತಾಳುತ್ತವೆ. ಹಾರ್ಮೋನಿಯಂ ಮುಚ್ಚಿಕೊಳ್ಳುತ್ತದೆ, ತಬಲ ಮೂಲೆಗೆ ಸರಿಯುತ್ತದೆ. ಪಾಸ್ಕ ಜಾಗರಣೆಯ ರಾತ್ರಿ ಮತ್ತೆ ಮಹಿಮಾಗೀತೆ ಮೊಳಗುವ ತನಕ ದೇವಾಲಯದಲ್ಲಿ ಉಳಿಯುವುದು ಮನುಷ್ಯರ ಕಂಠ ಮಾತ್ರ. ಶುಭ ಶುಕ್ರವಾರದಂದು ಶಿಲುಬೆಯ ಆರಾಧನೆಯ ವೇಳೆ ವಾದ್ಯಗಳ ಆಸರೆಯಿಲ್ಲದೆ ಹಾಡಿದ ಗೀತೆ ಹೃದಯವನ್ನು ಎಷ್ಟು ಆಳವಾಗಿ ತಟ್ಟುತ್ತದೆಂಬುದು ನಮಗೆಲ್ಲ ಅನುಭವವೇದ್ಯ. ಆ ದಿನ ಗೀತೆಯ ಒಂದೊಂದು ಪದವೂ ಕಿವಿಗೆ ಬೀಳುತ್ತದೆ. ಬಿದ್ದ ಪದ ಮನಸ್ಸಿನಲ್ಲಿ ನಿಲ್ಲುತ್ತದೆ.

ಹೀಗೆ ಬರಿಯ ಕಂಠಗಳಿಂದಲೇ ದೇವರ ಸ್ತುತಿಯನ್ನು ಹಾಡುವ ಕಲೆಯನ್ನು ಪರಿಪೂರ್ಣತೆಗೆ ಕೊಂಡೊಯ್ದ ಮಹನೀಯರೊಬ್ಬರು ಸುಮಾರು ಐನೂರು ವರ್ಷಗಳ ಹಿಂದೆ ಇಟಲಿಯಲ್ಲಿ ಜನಿಸಿದರು. ಅವರೇ ಜೊವಾನ್ನಿ ಪಿಯೆರ್‌ಲುಯಿಜಿ ದ ಪಾಲೆಸ್ತ್ರೀನಾ. ನಮ್ಮ ಧರ್ಮಕೇಂದ್ರವು ತನ್ನ ಶತಮಾನೋತ್ಸವವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ, ನೂರು ವರ್ಷಗಳಿಂದ ಇಲ್ಲಿ ಹಾಡುತ್ತ ಬಂದ ಅಜ್ಞಾತ ಕಂಠಗಳನ್ನೆಲ್ಲ ನೆನೆಯುತ್ತ, ಆ ಮಹಾಗಾಯಕರ ಬಾಳಿನ ಕಥೆಯನ್ನು ಓದುಗರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇನೆ. ಅವರೇನೂ ಸಂತಪದವಿ ಪಡೆದವರಲ್ಲ. ನಮ್ಮಂತೆಯೇ ಸಂಸಾರ ಹೂಡಿ, ಕೆಲಸ ಕಳೆದುಕೊಂಡು, ಮಕ್ಕಳನ್ನು ಮಣ್ಣು ಮಾಡಿ, ಪಶ್ಚಾತ್ತಾಪಪಟ್ಟು, ಮತ್ತೆ ಎದ್ದು ನಿಂತ ಗೃಹಸ್ಥರು.

ಬಾಲ್ಯ ಮತ್ತು ಸೇವೆಯ ಆರಂಭ

ರೋಮ್ ನಗರದ ಪೂರ್ವಕ್ಕಿರುವ ಬೆಟ್ಟದ ತಪ್ಪಲಿನ ಸಣ್ಣ ಊರು ಪಾಲೆಸ್ತ್ರೀನಾ. ಬಹುಶಃ ೧೫೨೫ರಲ್ಲಿ ಅಲ್ಲಿ ಜನಿಸಿದ ಜೊವಾನ್ನಿಯನ್ನು ಲೋಕವು ಆ ಊರಿನ ಹೆಸರಿನಿಂದಲೇ ಗುರುತಿಸಿತು. ಎಳವೆಯಲ್ಲೇ ಬಾಲಕನ ಕಂಠ ಹಿರಿಯರ ಗಮನ ಸೆಳೆದಿರಬೇಕು. ೧೫೩೭ರ ವೇಳೆಗೆ ರೋಮಿನ ಸಾಂತ ಮರಿಯಾ ಮಜೋರೆ ಮಹಾದೇವಾಲಯದ ಬಾಲಗಾಯಕರ ಪಟ್ಟಿಯಲ್ಲಿ ಅವನ ಹೆಸರು ಕಾಣಿಸುತ್ತದೆ. ದೇವಮಾತೆಗೆ ಅರ್ಪಿತವಾದ ಆ ದೇವಾಲಯದಲ್ಲಿ ಕಲಿತ ಪಾಠ ಅವನ ಬದುಕಿನ ಕೊನೆಯವರೆಗೂ ಜೊತೆಗಿತ್ತು.

೧೫೪೪ರಲ್ಲಿ ಆತ ತನ್ನ ಹುಟ್ಟೂರಿನ ಪ್ರಧಾನಾಲಯಕ್ಕೆ ಆರ್ಗನ್ ವಾದಕನಾಗಿ, ಸಂಗೀತದ ಉಪಾಧ್ಯಾಯನಾಗಿ ಮರಳಿದ. ೧೫೪೭ರಲ್ಲಿ ಲುಕ್ರೇಸಿಯಾ ಗೋರಿ ಎಂಬ ಕನ್ಯೆಯೊಡನೆ ವಿವಾಹ ನೆರವೇರಿತು. ರೊಡೋಲ್ಫೊ, ಆಂಜೆಲೊ, ಇಜೀನಿಯೊ ಎಂಬ ಮೂವರು ಗಂಡುಮಕ್ಕಳು ಜನಿಸಿದರು. ಆ ಊರಿನಲ್ಲಿಯೇ ಉಳಿದಿದ್ದರೆ ಅವರ ಹೆಸರು ಇಂದು ಯಾರಿಗೂ ತಿಳಿಯುತ್ತಿರಲಿಲ್ಲವೇನೋ. ಆದರೆ ದೈವಸಂಕಲ್ಪ ಬೇರೆಯಿತ್ತು. ಪಾಲೆಸ್ತ್ರೀನಾ ಊರಿನ ಧರ್ಮಾಧ್ಯಕ್ಷರಾಗಿದ್ದ ಕಾರ್ಡಿನಲ್ ದೆಲ್ ಮೊಂತೆ ಅವರು ೧೫೫೦ರಲ್ಲಿ ಪೋಪ್ ಮೂರನೆಯ ಜೂಲಿಯಸ್ ಆಗಿ ಚುನಾಯಿತರಾದರು. ತಮ್ಮ ಹಳೆಯ ಊರಿನ ಯುವಕನನ್ನು ಅವರು ಮರೆಯಲಿಲ್ಲ. ೧೫೫೧ರಲ್ಲಿ ಪಾಲೆಸ್ತ್ರೀನಾ ಅವರು ಸಂತ ಪೇತ್ರರ ಮಹಾದೇವಾಲಯದ ಜೂಲಿಯಾ ಗಾನವೃಂದದ ಮುಖ್ಯಸ್ಥರಾದರು. ಮೂರು ವರ್ಷಗಳ ಬಳಿಕ ತಮ್ಮ ಮೊದಲ ಪೂಜಾಸಂಗೀತದ ಸಂಪುಟವನ್ನು ಮುದ್ರಿಸಿ ಪೋಪ್ ಅವರಿಗೇ ಅರ್ಪಿಸಿದರು.

ಏರಿಳಿತದ ವರ್ಷ

೧೫೫೫ನೆಯ ವರ್ಷ ಅವರ ಪಾಲಿಗೆ ಏರುಬೆಟ್ಟವೂ ಹೌದು, ಇಳಿಜಾರೂ ಹೌದು. ಜನವರಿಯಲ್ಲಿ ಪೋಪ್ ಅವರ ಸ್ವಂತ ಗಾನವೃಂದವಾದ ಸಿಸ್ಟೀನ್ ಮಂದಿರದ ಗಾಯಕರ ಗುಂಪಿಗೆ ಅವರನ್ನು ಸೇರಿಸಿಕೊಳ್ಳಲಾಯಿತು. ಅಲ್ಲಿಗೆ ಸೇರಲು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕಿತ್ತು, ಅವಿವಾಹಿತರಾಗಿರಬೇಕಿತ್ತು. ಪೋಪ್ ಜೂಲಿಯಸ್ ಅವರ ಆಜ್ಞೆಯಿಂದ ಈ ಎರಡೂ ನಿಯಮಗಳು ಸಡಿಲಗೊಂಡವು. ಆದರೆ ಮಾರ್ಚಿಯಲ್ಲಿ ಜೂಲಿಯಸ್ ಅವರು ದೈವಾಧೀನರಾದರು. ಅವರ ಬಳಿಕ ಬಂದ ಎರಡನೆಯ ಮಾರ್ಸೆಲಸ್ ಅವರು ಕೇವಲ ಮೂರು ವಾರಗಳಷ್ಟು ಕಾಲ ಪೀಠದಲ್ಲಿದ್ದು ಗತಿಸಿದರು. ಅನಂತರ ಬಂದ ನಾಲ್ಕನೆಯ ಪೌಲರು ಶಿಸ್ತಿಗೆ ಹೆಸರಾದವರು. ವಿವಾಹಿತರಾದ ಮೂವರು ಗಾಯಕರನ್ನು ಅವರು ಸೇವೆಯಿಂದ ಬಿಡುಗಡೆ ಮಾಡಿದರು. ಅವರಲ್ಲಿ ಪಾಲೆಸ್ತ್ರೀನಾ ಒಬ್ಬರು.

ಸಣ್ಣ ವಿಶ್ರಾಂತಿ ವೇತನವೇನೋ ದೊರೆಯಿತು. ಆದರೂ ಸಂಸಾರವಂದಿಗನಾದ ಮೂವತ್ತರ ಯುವಕನಿಗೆ ಆದ ನೋವನ್ನು ಊಹಿಸಿಕೊಳ್ಳಬಹುದು. ಅವರು ಚರ್ಚಿನ ಮೇಲೆ ಮುನಿಸಿಕೊಂಡು ಹೊರನಡೆಯಲಿಲ್ಲ. ಅದೇ ವರ್ಷ ಲಾಟರನ್ನಿನ ಸಂತ ಯೊವಾನ್ನರ ಮಹಾದೇವಾಲಯದಲ್ಲಿ ಗಾನವೃಂದದ ಹೊಣೆ ಹೊತ್ತರು. ೧೫೬೦ರಲ್ಲಿ ಶುಭ ಶುಕ್ರವಾರದ ಆರಾಧನೆಗಾಗಿ ಅವರು ಅಲ್ಲಿ ಸಂಯೋಜಿಸಿದ ಶಿಲುಬೆಯ ಅಳಲಿನ ಗೀತೆಗಳು ಎಷ್ಟು ಮನಮುಟ್ಟಿದವೆಂದರೆ, ಪೋಪ್ ನಾಲ್ಕನೆಯ ಪಿಯುಸ್ ಅವರು ತಮ್ಮ ಮಂದಿರದ ಗಾಯಕರಿಗಾಗಿ ಅವುಗಳ ಪ್ರತಿಯನ್ನು ಕೇಳಿ ತರಿಸಿಕೊಂಡರು. ಯಾವ ಬಾಗಿಲು ಅವರನ್ನು ಹೊರಗಿಟ್ಟಿತ್ತೋ ಅದೇ ಬಾಗಿಲಿನೊಳಗೆ ಅವರ ಸಂಗೀತ ಪ್ರವೇಶಿಸಿತು.

ಪದ ಕೇಳಿಸಬೇಕೆಂಬ ಪ್ರಶ್ನೆ

ಆ ಕಾಲದ ಚರ್ಚನ್ನು ಕಾಡುತ್ತಿದ್ದ ಒಂದು ಗಂಭೀರ ಪ್ರಶ್ನೆಯನ್ನು ಇಲ್ಲಿ ವಿವರಿಸಬೇಕು. ಪ್ರಾಚೀನ ಗ್ರೆಗೋರಿಯನ್ ಗಾನದಲ್ಲಿ ಎಲ್ಲರೂ ಒಂದೇ ರಾಗವನ್ನು ಒಟ್ಟಿಗೆ ಹಾಡುತ್ತಿದ್ದರು. ಶತಮಾನಗಳು ಉರುಳಿದಂತೆ ಒಂದೇ ಕಾಲದಲ್ಲಿ ನಾಲ್ಕೈದು ಬಗೆಯ ಕಂಠಗಳು ಬೇರೆ ಬೇರೆ ರಾಗಧಾರೆಗಳನ್ನು ಹಾಡುತ್ತ ಒಂದರೊಡನೊಂದು ಹೆಣೆದುಕೊಳ್ಳುವ ಬಹುಧ್ವನಿ ಗಾಯನ ಬೆಳೆಯಿತು. ಅದು ಚೆಲುವಾದ ಕಲೆ. ಆದರೆ ಒಂದು ಕಂಠ ಒಂದು ಪದವನ್ನು ಹಾಡುತ್ತಿರುವಾಗ ಇನ್ನೊಂದು ಮತ್ತೊಂದು ಪದಕ್ಕೆ ಹೋಗಿರುತ್ತಿತ್ತು. ಒಂದೇ ಅಕ್ಷರವನ್ನು ಬಹಳ ಹೊತ್ತು ಎಳೆದಾಡುವುದೂ ಉಂಟು. ಬೀದಿಯ ಪ್ರಣಯಗೀತೆಗಳ ರಾಗಗಳೂ ಪೂಜೆಯೊಳಗೆ ನುಸುಳಿದ್ದವು. ಪೀಠದ ಮುಂದೆ ಮಂಡಿಯೂರಿದ ಭಕ್ತನಿಗೆ ಏನನ್ನು ಹಾಡುತ್ತಿದ್ದಾರೆಂಬುದೇ ತಿಳಿಯದಂತಾಯಿತು.

೧೫೫೫ರ ಶುಭ ಶುಕ್ರವಾರದಂದು ಪೋಪ್ ಮಾರ್ಸೆಲಸ್ ಅವರು ತಮ್ಮ ಗಾಯಕರನ್ನು ಕರೆಸಿ, ಆ ದಿನದ ದುಃಖಕ್ಕೆ ತಕ್ಕಂತೆ, ಪದಗಳು ಸ್ಪಷ್ಟವಾಗಿ ಕೇಳಿಸುವಂತೆ ಹಾಡಬೇಕೆಂದು ತಿಳಿಹೇಳಿದರೆಂಬುದು ಅಂದಿನ ದಿನಚರಿಯೊಂದರಲ್ಲಿ ದಾಖಲಾಗಿದೆ. ಆಗ ಆ ವೃಂದದಲ್ಲಿದ್ದ ಪಾಲೆಸ್ತ್ರೀನಾ ಅವರೂ ಆ ಮಾತನ್ನು ಕೇಳಿಸಿಕೊಂಡಿರಬೇಕು. ೧೫೪೫ರಿಂದ ೧೫೬೩ರವರೆಗೆ ನಡೆದ ಟ್ರೆಂಟ್ ಮಹಾಸಭೆಯಲ್ಲೂ ಈ ವಿಷಯ ಪ್ರಸ್ತಾಪವಾಯಿತು. ಪೂಜೆಯ ಸಂಗೀತದಲ್ಲಿ ಅಶುದ್ಧವಾದುದೇನೂ ಇರಕೂಡದೆಂದು ೧೫೬೨ರಲ್ಲಿ ಸಭೆ ವಿಧಿಸಿತು. ೧೫೬೫ರ ಏಪ್ರಿಲ್‌ನಲ್ಲಿ ಕಾರ್ಡಿನಲ್ ವಿತೆಲ್ಲಿ ಅವರ ಮನೆಯಲ್ಲಿ ಪೋಪ್ ಅವರ ಗಾಯಕರು ಕೆಲವು ಪೂಜಾಸಂಗೀತಗಳನ್ನು ಹಾಡಿ, ಪದಗಳು ಅರ್ಥವಾಗುವವೇ ಎಂಬುದನ್ನು ಪರೀಕ್ಷೆಗೆ ಒಡ್ಡಿದರು.

ಈ ಸಂದರ್ಭದಲ್ಲಿ ಬಹುಧ್ವನಿ ಗಾಯನವನ್ನೇ ನಿಷೇಧಿಸಲು ಹೊರಟಿದ್ದವರನ್ನು ಪಾಲೆಸ್ತ್ರೀನಾ ಅವರು ತಮ್ಮ ಒಂದು ಕೃತಿಯಿಂದ ಗೆದ್ದರೆಂಬ ಕಥೆ ಬಹಳ ಪ್ರಸಿದ್ಧ. ೧೬೦೭ರಲ್ಲಿ ಒಂದು ಪುಸ್ತಕದಲ್ಲಿ ಕಾಣಿಸಿಕೊಂಡ ಆ ಕಥೆ ಬಾಯಿಂದ ಬಾಯಿಗೆ ಬೆಳೆದು, ೧೯೧೭ರಲ್ಲಿ ಜರ್ಮನಿಯಲ್ಲಿ ಒಂದು ಸಂಗೀತ ನಾಟಕವೂ ಆಯಿತು. ಇತಿಹಾಸಕಾರರು ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಮಹಾಸಭೆ ಅಂಥ ನಿಷೇಧವನ್ನು ಹೊರಡಿಸಲೇ ಇಲ್ಲ. ಆದರೆ ಕಥೆಯ ತಿರುಳು ಸುಳ್ಳಲ್ಲ. ೧೫೬೭ರಲ್ಲಿ ಅವರು ಪ್ರಕಟಿಸಿದ, ಪೋಪ್ ಮಾರ್ಸೆಲಸ್ ಅವರ ಹೆಸರನ್ನು ಹೊತ್ತ, ಆರು ಕಂಠಗಳ ಪೂಜಾಸಂಗೀತವನ್ನು ಕೇಳಿದವರಿಗೆ ಅದು ತಿಳಿಯುತ್ತದೆ. ಮಹಿಮಾಗೀತೆ, ವಿಶ್ವಾಸ ಪ್ರಮಾಣ ಮುಂತಾದ ದೀರ್ಘ ಪಾಠಗಳಲ್ಲಿ ಕಂಠಗಳು ಅಕ್ಷರಕ್ಕೆ ಅಕ್ಷರ ಕೂಡಿಕೊಂಡು ನಡೆಯುತ್ತವೆ; ಆರೂ ಕಂಠಗಳು ಸದಾ ಹಾಡದೆ, ಮೂರು ನಾಲ್ಕು ಕಂಠಗಳ ಗುಂಪುಗಳು ಸರದಿಯಂತೆ ಪದವನ್ನು ಎತ್ತಿಕೊಳ್ಳುತ್ತವೆ. ಸಂಗೀತದ ಸಿರಿಯೂ ಕುಂದಲಿಲ್ಲ, ಪ್ರಾರ್ಥನೆಯ ಪದವೂ ಮುಳುಗಲಿಲ್ಲ.

ದುಃಖದ ದಶಕ

೧೫೭೧ರಲ್ಲಿ ಅವರು ಮತ್ತೆ ಸಂತ ಪೇತ್ರರ ಮಹಾದೇವಾಲಯದ ಗಾನವೃಂದಕ್ಕೆ ಮರಳಿದರು. ಕೀರ್ತಿ ಎಲ್ಲೆಡೆ ಹಬ್ಬಿತ್ತು. ಮಾಂತುವದ ದೊರೆ ಅವರಿಂದ ಕೃತಿಗಳನ್ನು ಬರೆಸಿಕೊಳ್ಳುತ್ತಿದ್ದ. ವಿಯೆನ್ನಾದ ಚಕ್ರವರ್ತಿಯ ಆಸ್ಥಾನದಿಂದಲೂ ಹಿಂದೆ ಕರೆ ಬಂದಿತ್ತು. ಆದರೆ ಮನೆಯೊಳಗೆ ಕತ್ತಲೆ ಕವಿಯಿತು. ರೋಮ್ ನಗರವನ್ನು ಸಾಂಕ್ರಾಮಿಕ ರೋಗಗಳು ಪದೇ ಪದೇ ಕಾಡುತ್ತಿದ್ದ ಕಾಲ ಅದು. ೧೫೭೨ರಲ್ಲಿ ಹಿರಿಯ ಮಗ ರೊಡೋಲ್ಫೊ ತೀರಿಕೊಂಡ. ಮರುವರ್ಷ ತಮ್ಮ ಸಿಲ್ಲಾ ಹೋದ. ೧೫೭೫ರಲ್ಲಿ ಎರಡನೆಯ ಮಗ ಆಂಜೆಲೊ, ೧೫೮೦ರಲ್ಲಿ ಮೂವತ್ತಮೂರು ವರ್ಷ ಬಾಳು ಹಂಚಿಕೊಂಡ ಪತ್ನಿ ಲುಕ್ರೇಸಿಯಾ ಅಗಲಿದರು. ಮೂವರು ಮಕ್ಕಳಲ್ಲಿ ಉಳಿದವನು ಇಜೀನಿಯೊ ಒಬ್ಬನೇ.

ಶೋಕತಪ್ತರಾದ ಅವರು ಗುರುದೀಕ್ಷೆ ಪಡೆಯಲು ನಿಶ್ಚಯಿಸಿ ಅದರ ಆರಂಭದ ಮೆಟ್ಟಿಲನ್ನೂ ಏರಿದರು. ಆದರೆ ೧೫೮೧ರಲ್ಲಿ ಮನಸ್ಸು ಬದಲಾಯಿಸಿ, ತುಪ್ಪುಳದ ಚರ್ಮದ ವ್ಯಾಪಾರಿಯೊಬ್ಬರ ವಿಧವೆ ವರ್ಜೀನಿಯಾ ದೊರ್ಮೋಲಿ ಅವರನ್ನು ಮದುವೆಯಾದರು. ವ್ಯಾಪಾರದ ಲೆಕ್ಕಪತ್ರವನ್ನೂ ಜಾಣತನದಿಂದ ನಡೆಸಿದರು. ಕೆಲವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಅದರಿಂದ ಬಂದ ಅನುಕೂಲದಿಂದಲೇ ವರ್ಷಗಳಿಂದ ಕೂಡಿಟ್ಟಿದ್ದ ಸಂಗೀತವೆಲ್ಲ ಒಂದಾದ ಮೇಲೊಂದು ಸಂಪುಟವಾಗಿ ಅಚ್ಚಾಯಿತು. ಅಚ್ಚಾದದ್ದರಿಂದಲೇ ಅದು ನಮ್ಮವರೆಗೂ ಉಳಿಯಿತು.

ಮಹಾಕವಿಯ ಮರಿಯಸ್ತುತಿ

ಅದೇ ೧೫೮೧ರಲ್ಲಿ ಪ್ರಕಟವಾದ ಒಂದು ಸಂಪುಟ ವಿಶೇಷ ಗಮನಕ್ಕೆ ಅರ್ಹವಾದುದು. ಪೆತ್ರಾರ್ಕ ಇಟಲಿಯ ಮಹಾಕವಿ. ೧೩೦೪ರಿಂದ ೧೩೭೪ರವರೆಗೆ ಬಾಳಿದವರು. ಲೌರಾ ಎಂಬ ಸ್ತ್ರೀಯ ಮೇಲಿನ ಪ್ರೇಮವನ್ನೂ ಅವಳ ಮರಣದ ದುಃಖವನ್ನೂ ನೂರಾರು ಕವಿತೆಗಳಲ್ಲಿ ಹಾಡಿದ ಆ ಕವಿ, ತಮ್ಮ ಕವನಸಂಗ್ರಹದ ಕೊನೆಯಲ್ಲಿ ಮಾತೆ ಮರಿಯಳಿಗೆ ಒಂದು ದೀರ್ಘ ಪ್ರಾರ್ಥನೆಯನ್ನು ಇರಿಸಿದ್ದಾರೆ. ಲೌಕಿಕ ಪ್ರೇಮದಲ್ಲಿ ಅಲೆದು ದಣಿದ ಆತ್ಮ ಕೊನೆಗೆ ಕನ್ನಿಕೆಯ ಪಾದಕ್ಕೆ ಬಂದು ಸೇರುವ ಕವಿತೆ ಅದು. ಪ್ರತಿಯೊಂದು ಪದ್ಯವೂ ಆಕೆಯನ್ನು ಕೂಗಿ ಕರೆಯುತ್ತಲೇ ಆರಂಭವಾಗುತ್ತದೆ. ಅದರ ಮೊದಲ ಎಂಟು ಪದ್ಯಗಳನ್ನು ಪಾಲೆಸ್ತ್ರೀನಾ ಅವರು ಐದು ಕಂಠಗಳಿಗೆ ಸಂಯೋಜಿಸಿದರು. ಕವಿ ಗತಿಸಿ ಇನ್ನೂರು ವರ್ಷಗಳಾಗಿದ್ದವು. ಮಡದಿಮಕ್ಕಳನ್ನು ಕಳೆದುಕೊಂಡ ಗಾಯಕರ ಕೈಯಲ್ಲಿ ಆ ಹಳೆಯ ಕವಿತೆ ಹೊಸ ಕಣ್ಣೀರನ್ನು ಪಡೆಯಿತು.

ಕಾವ್ಯಕ್ಕೆ ಸ್ವರ ಹೊಂದಿಸುವಾಗ ಅವರು ಅನುಸರಿಸಿದ ಕ್ರಮ ತಿಳಿಯತಕ್ಕದ್ದು. ಪೆತ್ರಾರ್ಕರ ಆ ಪದ್ಯಗಳಲ್ಲಿ ಹನ್ನೊಂದು ಅಕ್ಷರಗಳ ಉದ್ದ ಸಾಲುಗಳೂ ಏಳು ಅಕ್ಷರಗಳ ಗಿಡ್ಡ ಸಾಲುಗಳೂ ಬೆರೆತು ಬರುತ್ತವೆ. ನಮ್ಮ ಭಾಮಿನೀ ಷಟ್ಪದಿಯಲ್ಲಿ ಮೂರನೆಯ ಮತ್ತು ಆರನೆಯ ಸಾಲುಗಳು ಉಳಿದವಕ್ಕಿಂತ ಉದ್ದವಾಗಿರುವುದನ್ನು ಇಲ್ಲಿ ನೆನೆಯಬಹುದು. ಗಮಕಿಯು ಅರ್ಥ ಎಲ್ಲಿ ನಿಲ್ಲುವುದೋ ಅಲ್ಲಿ ರಾಗವನ್ನು ನಿಲ್ಲಿಸುವಂತೆ, ಅವರೂ ಕವಿತೆಯ ಉಸಿರನ್ನು ಅನುಸರಿಸುತ್ತಿದ್ದರು. ಒಂದೊಂದು ಸಾಲಿಗೂ ಒಂದೊಂದು ಸಣ್ಣ ಸ್ವರರೂಪ. ಒಂದು ಕಂಠ ಅದನ್ನು ಎತ್ತಿಕೊಂಡರೆ ಮತ್ತೊಂದು ಕಂಠ ಸ್ವಲ್ಪ ತಡೆದು ಹಿಂಬಾಲಿಸುತ್ತದೆ. ಸ್ವರಗಳು ಹೆಚ್ಚಾಗಿ ಮೆಟ್ಟಿಲು ಮೆಟ್ಟಿಲಾಗಿ ಏರಿಳಿಯುತ್ತವೆ; ಒಮ್ಮೆ ದೊಡ್ಡದಾಗಿ ಮೇಲಕ್ಕೆ ಹಾರಿದರೆ ಕೂಡಲೇ ಮೆಲ್ಲನೆ ಕೆಳಗಿಳಿದು ಸಮತೋಲ ಪಡೆಯುತ್ತವೆ. ಒಂದಕ್ಕೊಂದು ಹೊಂದದ ಸ್ವರಗಳು ಕೂಡಿದಾಗ ಹುಟ್ಟುವ ಕಟುತ್ವವನ್ನು ಅವರು ಮುಂದಾಗಿಯೇ ಸಿದ್ಧಗೊಳಿಸಿ, ಬಂದೊಡನೆ ಮೃದುವಾಗಿ ಬಿಡಿಸುತ್ತಾರೆ. ಆದುದರಿಂದಲೇ ಅವರ ಸಂಗೀತ ಕೇಳುವವನ ಉಸಿರಾಟವೂ ನಿಧಾನವಾಗುತ್ತದೆ.

೧೫೮೪ರಲ್ಲಿ ಅವರು ಪವಿತ್ರ ಬೈಬಲಿನ ಪರಮಗೀತೆಯಿಂದ ಆಯ್ದ ಪಾಠಗಳಿಗೆ ಐದು ಕಂಠಗಳ ೨೯ ಗೀತೆಗಳನ್ನು ರಚಿಸಿ ಪೋಪ್ ಹದಿಮೂರನೆಯ ಗ್ರೆಗೋರಿಯವರಿಗೆ ಅರ್ಪಿಸಿದರು. ಯೌವನದಲ್ಲಿ ಲೌಕಿಕ ಪ್ರೇಮಗೀತೆಗಳಿಗೆ ಸಂಗೀತ ಕೂಡಿಸಿದ್ದಕ್ಕಾಗಿ ತಾವು ನಾಚಿ ನೊಂದಿರುವುದಾಗಿ ಆ ಅರ್ಪಣೆಯಲ್ಲಿ ಒಪ್ಪಿಕೊಂಡರು. ಎರಡೇ ವರ್ಷಗಳಲ್ಲಿ ಮತ್ತೊಂದು ಲೌಕಿಕ ಗೀತೆಗಳ ಸಂಪುಟವೂ ಅವರಿಂದ ಹೊರಬಂದದ್ದು ನಿಜ. ಮನುಷ್ಯನ ಮನಸ್ಸು ಒಂದೇ ದಿನದಲ್ಲಿ ಬದಲಾಗುವಂಥದಲ್ಲ ಎಂಬುದನ್ನು ಪಾಪನಿವೇದನೆಯ ಪೀಠದ ಬಳಿ ಪದೇ ಪದೇ ಮಂಡಿಯೂರುವ ನಾವು ಅರಿಯದವರೇನಲ್ಲ.

ಕೊನೆಯ ದಿನಗಳು

ಶಿಲುಬೆಯ ಬುಡದಲ್ಲಿ ನಿಂತ ವ್ಯಾಕುಲಮಾತೆಯನ್ನು ಕುರಿತ ಲತೀನ್ ಕವಿತೆಯ ಅನುವಾದಗಳು ತಪಸ್ಸುಕಾಲದ ಶಿಲುಬೆಯ ಹಾದಿಯಲ್ಲಿ ನಮ್ಮ ಕಿವಿಗೂ ಬಿದ್ದಿವೆ. ೧೩ನೆಯ ಶತಮಾನದಷ್ಟು ಹಳೆಯದಾದ ಆ ಕವಿತೆಗೆ ಪಾಲೆಸ್ತ್ರೀನಾ ಅವರು ಇಳಿವಯಸ್ಸಿನಲ್ಲಿ ನಾಲ್ಕು ನಾಲ್ಕು ಕಂಠಗಳ ಎರಡು ವೃಂದಗಳು ಪರಸ್ಪರ ಉತ್ತರಿಸುವಂತೆ ಸಂಗೀತ ರಚಿಸಿದರು. ಇಬ್ಬರು ಮಕ್ಕಳನ್ನು ಮಣ್ಣಿಗಿತ್ತ ತಂದೆಯೊಬ್ಬರು ಮಗನನ್ನು ಕಳೆದುಕೊಂಡ ತಾಯಿಯ ದುಃಖವನ್ನು ಹಾಡಿದ್ದು ಅದು. ಅಲ್ಲಿ ಆರ್ಭಟವಿಲ್ಲ, ಆಡಂಬರವಿಲ್ಲ. ಒಂದು ವೃಂದ ನಿಟ್ಟುಸಿರಿಟ್ಟರೆ ಮತ್ತೊಂದು ವೃಂದ ಸಂತೈಸುತ್ತದೆ. ೧೫೮೯ರಲ್ಲಿ ಇಡೀ ವರ್ಷದ ಹಬ್ಬಗಳಿಗೆ ಬೇಕಾದ ಪ್ರಾಚೀನ ಸ್ತುತಿಗೀತೆಗಳನ್ನೂ, ೧೫೯೩ರಲ್ಲಿ ಅರ್ಪಣೆಯ ಗೀತೆಗಳನ್ನೂ ಪ್ರಕಟಿಸಿದರು.

೧೫೯೪ರ ಫೆಬ್ರವರಿ ೨ರಂದು, ಬಾಲ ಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬದ ದಿನ, ಅವರು ಪ್ರಭುವಿನಲ್ಲಿ ನಿದ್ರಿಸಿದರು. ಸಂತ ಪೇತ್ರರ ಮಹಾದೇವಾಲಯದಲ್ಲಿ ಸಮಾಧಿ ಮಾಡಿ, ಶವಪೆಟ್ಟಿಗೆಯ ಫಲಕದಲ್ಲಿ ಅವರನ್ನು ಸಂಗೀತದ ಅರಸನೆಂದು ಗೌರವಿಸಲಾಯಿತು. ಮಹಾದೇವಾಲಯದ ಪುನರ್ನಿರ್ಮಾಣದಲ್ಲಿ ಆ ಸಮಾಧಿಯ ಗುರುತು ಅಳಿಸಿಹೋಯಿತು. ಆದರೆ ನೂರಕ್ಕೂ ಮಿಕ್ಕಿದ ಪೂಜಾಸಂಗೀತಗಳೂ ಮುನ್ನೂರಕ್ಕೂ ಮಿಕ್ಕಿದ ಪವಿತ್ರ ಗೀತೆಗಳೂ ಉಳಿದಿವೆ. ೧೭೨೫ರಲ್ಲಿ ಫುಕ್ಸ್ ಎಂಬ ಪಂಡಿತರು ಅವರ ಪದ್ಧತಿಯನ್ನೇ ಮಾದರಿಯಾಗಿಟ್ಟುಕೊಂಡು ಪಾಠಪುಸ್ತಕ ಬರೆದರು. ಯುರೋಪಿನ ಮಹಾ ಸಂಗೀತಗಾರರು ಅದರಿಂದ ಕಲಿತರು. ೧೯೦೩ರಲ್ಲಿ ಸಂತ ಹತ್ತನೆಯ ಪಿಯುಸ್ ಅವರು ದೇವಾಲಯ ಸಂಗೀತವನ್ನು ಶುದ್ಧೀಕರಿಸಲು ಹೊರಡಿಸಿದ ಆಜ್ಞೆಯಲ್ಲಿ ಪಾಲೆಸ್ತ್ರೀನಾ ಅವರ ಹೆಸರನ್ನು ಎತ್ತಿಹೇಳಿದರು. ವಾದ್ಯವಿಲ್ಲದ ವೃಂದಗಾನವನ್ನು ಇಂದಿಗೂ ಲೋಕವು ಆ ಕಪೆಲ್ಲ, ಅಂದರೆ ಮಂದಿರದ ರೀತಿ, ಎಂದೇ ಕರೆಯುತ್ತದೆ. ಅವರು ದುಡಿದ ಎಲ್ಲ ದೇವಾಲಯಗಳಲ್ಲೂ ವಾದ್ಯ ವರ್ಜ್ಯವಾಗಿರಲಿಲ್ಲ. ಸಂತ ಪೇತ್ರರ ದೇವಾಲಯದಲ್ಲಿ ಆರ್ಗನ್ ಇತ್ತು. ಸಿಸ್ಟೀನ್ ಮಂದಿರದಲ್ಲಿ ಮಾತ್ರ ಕಂಠವೇ ಸರ್ವಸ್ವವಾಗಿತ್ತು.

ನಮಗೊಂದು ಪಾಠ

ತುಂಗೆ ಭದ್ರೆಯರ ಈ ಮಲೆನಾಡಿನಲ್ಲಿ ಕಾವ್ಯವನ್ನು ಹಾಡುವ ಸಂಸ್ಕಾರ ಹೊಸದಲ್ಲ. ಶೃಂಗೇರಿಯಲ್ಲಿ ವೇದಘೋಷ ವಾದ್ಯವಿಲ್ಲದೆಯೇ ಅನೇಕ ಕಂಠಗಳಿಂದ ಏಕವಾಗಿ ಹೊಮ್ಮುತ್ತದೆ. ಗಮಕಿಗಳು ಕುಮಾರವ್ಯಾಸನ ಭಾರತವನ್ನು ಮನೆಮನೆಯ ಜಗಲಿಗೆ ತಂದರು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ೧೯೦೪ರಲ್ಲಿ ಜನಿಸಿದ ಕುವೆಂಪು ಅವರ ಕವಿತೆ ೨೦೦೪ರಲ್ಲಿ ನಾಡಗೀತೆಯಾಯಿತು. ಅದನ್ನು ಯಾವ ರಾಗದಲ್ಲಿ, ಎಷ್ಟು ಹೊತ್ತು ಹಾಡಬೇಕೆಂಬ ಚರ್ಚೆ ವರ್ಷಗಟ್ಟಲೆ ನಡೆದು, ೨೦೨೨ರಲ್ಲಿ ಮೈಸೂರು ಅನಂತಸ್ವಾಮಿ ಅವರ ಸಂಯೋಜನೆಯಲ್ಲಿ ಎರಡೂವರೆ ನಿಮಿಷವೆಂದು ನಿಶ್ಚಯವಾಯಿತು. ಶ್ರೇಷ್ಠ ಕವಿತೆಯನ್ನು ಎಲ್ಲರೂ ಕೂಡಿ ಹಾಡುವಂತೆ ಮಾಡುವುದು ಎಷ್ಟು ಕಷ್ಟದ ಕೆಲಸವೆಂಬುದಕ್ಕೆ ಇದೇ ನಿದರ್ಶನ.

ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯ ಕ್ರೈಸ್ತ ಕುಟುಂಬಗಳು ಕರಾವಳಿಯಿಂದ, ಕೇರಳದಿಂದ, ಇತರೆಡೆಗಳಿಂದ ಬಂದು ತೋಟ ಗದ್ದೆಗಳ ನಡುವೆ ನೆಲೆಸಿದವು. ಕನ್ನಡ, ಕೊಂಕಣಿ, ಮಲಯಾಳ, ತಮಿಳು ಎಂದು ಮನೆಮಾತು ಹಲವು. ಪೀಠದ ಮುಂದೆ ಸೇರಿದಾಗ ಗೀತೆ ಒಂದು. ಎರಡನೆಯ ವ್ಯಾಟಿಕನ್ ಮಹಾಸಭೆ ೧೯೬೩ರಲ್ಲಿ ಹೊರಡಿಸಿದ ಆರಾಧನಾವಿಧಿಯ ಶಾಸನ ಗ್ರೆಗೋರಿಯನ್ ಗಾನಕ್ಕೆ ಅಗ್ರಸ್ಥಾನವನ್ನಿತ್ತು, ಬಹುಧ್ವನಿ ಗಾಯನವನ್ನೂ ಉಳಿಸಿಕೊಂಡು, ಆಯಾ ಜನಾಂಗದ ಸಂಗೀತ ಸಂಪ್ರದಾಯಕ್ಕೂ ಬಾಗಿಲು ತೆರೆಯಿತು. ಆ ಬಾಗಿಲಿನಿಂದಲೇ ನಮ್ಮ ಭಾಷೆಯ ಗೀತೆಗಳು ಪೂಜೆಯೊಳಗೆ ಬಂದವು. ಜೊತೆಗೆ ಧ್ವನಿವರ್ಧಕವೂ ಕೀಬೋರ್ಡೂ ಬಂದಿವೆ. ಅವು ಬೇಡವೆಂದಲ್ಲ. ಆದರೆ ಅವುಗಳ ಅಬ್ಬರದಲ್ಲಿ ಗೀತೆಯ ಪದ ಮುಳುಗಿ, ಹಿಂದಿನ ಸಾಲಿನಲ್ಲಿ ಕುಳಿತ ಅಜ್ಜಿಗೆ ಏನು ಹಾಡುತ್ತಿದ್ದಾರೆಂದು ತಿಳಿಯದೆ ಹೋದರೆ, ಟ್ರೆಂಟ್ ಸಭೆಯ ಕಾಲದ ಪ್ರಶ್ನೆಯೇ ನಮ್ಮೆದುರು ಮತ್ತೆ ನಿಂತಂತಾಯಿತು.

ಶತಮಾನೋತ್ಸವದ ಈ ವರ್ಷದಲ್ಲಿ ನಮ್ಮ ಗಾನವೃಂದದ ಯುವಕ ಯುವತಿಯರು ಶುಭ ಶುಕ್ರವಾರದಂದಷ್ಟೇ ಅಲ್ಲದೆ ತಿಂಗಳಿಗೊಂದು ಭಾನುವಾರ, ಪರಮಪ್ರಸಾದದ ಬಳಿಕ, ಒಂದೇ ಒಂದು ಗೀತೆಯನ್ನಾದರೂ ವಾದ್ಯಗಳನ್ನು ಬದಿಗಿಟ್ಟು ಹಾಡಲಿ. ಮೊದಲು ಗೀತೆಯ ಸಾಹಿತ್ಯವನ್ನು ಗಟ್ಟಿಯಾಗಿ ಓದಿ, ಅರ್ಥವನ್ನು ಮನನ ಮಾಡಿ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಗೊತ್ತುಮಾಡಿಕೊಂಡು, ಪಕ್ಕದವರ ಧ್ವನಿಗೆ ಕಿವಿಗೊಡುತ್ತ ಹಾಡಲಿ. ಪಾಲೆಸ್ತ್ರೀನಾ ಅವರ ಗೀತೆಗಳಲ್ಲಿ ಯಾವ ಕಂಠವೂ ಇನ್ನೊಂದನ್ನು ಅಡಗಿಸುವುದಿಲ್ಲ. ಪ್ರತಿಯೊಂದಕ್ಕೂ ತನ್ನದೇ ದಾರಿಯಿದ್ದು, ಸಾಲಿನ ಕೊನೆಯಲ್ಲಿ ಎಲ್ಲವೂ ಒಂದೆಡೆ ಬಂದು ಸೇರುತ್ತವೆ. ನೂರು ವರ್ಷ ತುಂಬಿದ ಧರ್ಮಕೇಂದ್ರವೊಂದು ಮುಂದಿನ ನೂರು ವರ್ಷಗಳಿಗೆ ಬೇಡಿಕೊಳ್ಳಬೇಕಾದ ವರವೂ ಅದೇ ಅಲ್ಲವೆ? ದೇವಮಾತೆ ಮರಿಯಳು ನಮ್ಮೆಲ್ಲರ ಕಂಠಗಳನ್ನು ಹರಸಲಿ.